ಪರೀಕ್ಷೆ ಹಿಂದಿನ ದಿನ ಟಮಾಟ ಬಿಡಿಸ್ತಾ ಓದಿದ್ದು

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಹಿಸ್ಟರಿ ಪೇಪರ್, ಅವತ್ತೇ ನಮ್ಮ ತೋಟದಲ್ಲಿ ಟಮಾಟ ಬಿಡಿಸೋ ದಿನ. ಕೋಲಾರದ ಪಕ್ಕದ ಹಳ್ಳಿ ನಮ್ದು, ಹಣ್ಣು ಕೆಂಪಗಾದ್ಮೇಲೆ ಯಾರಿಗೂ ಕಾಯಲ್ಲ. ಅಪ್ಪ ನೀನು ಓದ್ಕೊ ಹೋಗಮ್ಮ ಅಂದ್ರು, ಆದ್ರೆ ಕೂಲಿಯೋರು ಇಬ್ರು ಬಂದಿರ್ಲಿಲ್ಲ, ನನಗೆ ಮನೇಲಿ ಕೂರೋಕೆ ಮನಸ್ಸು ಬರ್ಲಿಲ್ಲ, ನೋಟ್ಸ್ ದುಪಟ್ಟಾದಲ್ಲಿ ಸುತ್ಕೊಂಡು ತೋಟಕ್ಕೆ ಹೋದೆ.

ಬಿಎ ಮೂರನೇ ಸೆಮ್, ಆಧುನಿಕ ಜಗತ್ತಿನ ಇತಿಹಾಸ. 1453 ಕಾನ್‌ಸ್ಟಾಂಟಿನೋಪಲ್ ಪತನ, 1492 ಕೊಲಂಬಸ್, 1498 ವಾಸ್ಕೋಡಗಾಮ ಕಲ್ಲಿಕೋಟೆಗೆ ಬಂದಿದ್ದು, 1517 ಮಾರ್ಟಿನ್ ಲೂಥರ್ ಮತಸುಧಾರಣೆ ಶುರುಮಾಡಿದ್ದು, ಇಸವಿಗಳೆಲ್ಲ ಬಾಯಿಪಾಠ ಆಗಿತ್ತು. ಆದ್ರೆ 'ಭೌಗೋಳಿಕ ಅನ್ವೇಷಣೆಗಳ ಪರಿಣಾಮಗಳನ್ನು ವಿವರಿಸಿ' ಅನ್ನೋ ಹತ್ತು ಮಾರ್ಕ್ಸ್ ಪ್ರಶ್ನೆ ಎಷ್ಟ್ ಸಲ ಓದಿದ್ರೂ ತಲೇಲಿ ನಿಲ್ತಿರ್ಲಿಲ್ಲ. ಗೈಡಲ್ಲಿ ಇದ್ದಿದ್ದು 'ಹೊಸ ಬೆಳೆಗಳು ಪರಿಚಯವಾದವು' ಅಂತ ಒಂದೇ ಸಾಲು, ಅಂಥ ಸಾಲನ್ನ ಹೇಗ್ ನೆನಪಿಟ್ಕೊಳೋದು ಹೇಳಿ.

ಸಾಯಂಕಾಲ ಹುಣಸೆ ಮರದ ಕೆಳಗೆ ಅಜ್ಜಿ ಹಣ್ಣು ಆರಿಸ್ತಾ ಕೂತಿದ್ಲು, ಕೈಯಲ್ಲಿ ಒಂದ್ಸಲ ತಿರುಗಿಸಿ ನೋಡಿ ಸೀಳು ಬಿಟ್ಟಿದ್ದು ಒಂದ್ಕಡೆ, ಗಟ್ಟಿ ಇರೋದು ಬಾಕ್ಸಿಗೆ, ಹದಿನೈದು ಕೆಜಿ ಬಾಕ್ಸು. ನಾನು ಲೈಬ್ರರಿ ಪುಸ್ತಕದಿಂದ ಬರ್ಕೊಂಡಿದ್ದ ಪಟ್ಟಿನ ಅವಳಿಗೆ ಕೇಳೋ ಹಾಗೆ ಜೋರಾಗಿ ಓದಿದೆ. ಅಮೆರಿಕಾ ಖಂಡದಿಂದ ಬಂದಿದ್ದು: ಟಮಾಟ, ಉರ್ಲಗಡ್ಡೆ, ಕಡ್ಲೆಕಾಯಿ, ಮುಸುಕಿನ ಜೋಳ, ಪರಂಗಿ, ಸೀಬೆ, ಮೆಣಸಿನಕಾಯಿ.

ಅಜ್ಜಿ ಕೈ ನಿಂತ್ಬಿಡ್ತು. "ಮೆಣಸಿನಕಾಯೂನಾ? ಹಂಗಾದ್ರೆ ಅದಕ್ಕೂ ಮುಂಚೆ ಸಾರಿಗೆ ಖಾರ ಏನ್ ಹಾಕ್ತಿದ್ರಮ್ಮಿ?"

"ಮೆಣಸು ಅಜ್ಜಿ" ಅಂದೆ, ಅಂದಿದ್ದೇ ನನಗೇ ಮೈ ಜುಂ ಅಂತು. ಖಾರ ಅಂದ್ರೆ ಮೆಣಸು ಅಂತಿದ್ದ ನಮ್ಮೋರು ಹೊಸ ಕಾಯಿ ಬಂದಾಗ ಮೆಣಸಿನ ಕಾಯಿ ಅಂದ್ರು. ವಾಸ್ಕೋಡಗಾಮ ಆಫ್ರಿಕಾ ಸುತ್ಕೊಂಡು ಬಂದಿದ್ದು ಮೆಣಸಿನಂಥ ಸಾಂಬಾರ ಪದಾರ್ಥಕ್ಕೆ, ಅವನ ಹಿಂದೆ ಬಂದ ಪೋರ್ಚುಗೀಸರು ತಂದ್ಕೊಟ್ಟಿದ್ದು ಮೆಣಸಿನಕಾಯಿ! ಕಡಲೆ ಮೊದಲೇ ಇತ್ತು, ಅದಕ್ಕೆ ಇದು ಕಡ್ಲೆಕಾಯಿ. ಜೋಳ ಇತ್ತು, ಅದಕ್ಕೆ ಮುಸುಕಿನ ಜೋಳ. ಪರಂಗಿ ಅಂದ್ರಂತೂ ಫಿರಂಗಿಯೋರು ತಂದ ಹಣ್ಣು ಅಂತ್ಲೇ ಅರ್ಥ. ಗೈಡಲ್ಲಿ ಇಲ್ಲದ್ದೆಲ್ಲ ನಮ್ಮ ಬಾಯಲ್ಲೇ ಇತ್ತು, ದಿನಾ ಹೇಳ್ತಿದ್ದೆ, ಒಂದಿನಾನೂ ಕೇಳಿಸ್ಕೊಂಡಿರ್ಲಿಲ್ಲ.

"ಟಮಾಟ ಯಾರ ಮಾತು ಹಂಗಾದ್ರೆ?" ಅಂದ್ಲು ಅಜ್ಜಿ. ಅದು ಮೆಕ್ಸಿಕೋದ ಆಜ್ಟೆಕ್ ಜನರ ನಹುವಾಟ್ಲ್ ಭಾಷೆದು, ಅವರು ತೊಮಾಟ್ಲ್ ಅಂತಿದ್ರು, ಸ್ಪೇನ್‌ನೋರ ಬಾಯಲ್ಲಿ ತೊಮಾತೆ ಆಯ್ತು. ಆ ಜನ ಏನಾದ್ರು ಅಂತಾನೂ ಕೇಳಿದ್ಲು. ಹೇಳ್ದೆ. 1520ರಲ್ಲಿ ಅವರ ರಾಜಧಾನಿ ಟೆನೋಚ್‌ಟಿಟ್ಲಾನ್‌ಗೆ ಸಿಡುಬು ಹೊಕ್ತು, ಅಲ್ಲಿವರೆಗೂ ಆ ಕಾಯಿಲೆನೇ ಕಾಣದ ಜನ, ಮನೆಮನೆಲಿ ಸತ್ರು, ಮುಂದಿನ ವರ್ಷ 1521ರಲ್ಲಿ ಸ್ಪೇನ್ ದಂಡಿನ ನಾಯಕ ಕಾರ್ಟೆಸ್ ಊರನ್ನ ಹಿಡ್ಕೊಂಡ. ಅಜ್ಜಿ ಏನೂ ಮಾತಾಡ್ಲಿಲ್ಲ. ಸೆರಗು ಸರಿಸಿ ಎಡ ರಟ್ಟೆ ಮುಟ್ಕೊಂಡ್ಲು, ಅಲ್ಲಿ ನಾಲ್ಕಾಣೆ ಅಗಲದ ಗುಂಡಗಿನ ಕಲೆ ಇದೆ, ಚಿಕ್ಕವಳಿದ್ದಾಗ ಸಿಡುಬಿಗೆ ಚುಚ್ಚಿದ್ದು. ಅವಳ ತಂಗಿಗೆ ಚುಚ್ಚೋ ಮುಂಚೆನೇ ಅಮ್ಮ ಆಗಿ ಹೋಗ್ಬಿಟ್ಲಂತೆ. ಆ ತಂಗಿ ವಿಷಯ ನಾನು ಕೇಳಿದ್ದೇ ಅವತ್ತು.

ರಾತ್ರಿ ಅಪ್ಪ ಟೆಂಪೋಗೆ ಲೋಡ್ ಮಾಡಿಸ್ಕೊಂಡು ಮಾರ್ಕೆಟ್‌ಗೆ ಹೋದ್ರು. ನಾನು ದಕ್ಷಿಣ ಅಮೆರಿಕಾದ ಪೊಟೊಸಿ ಬೆಳ್ಳಿ ಗಣಿ ಓದ್ತಾ ಕೂತೆ, 1545ರಿಂದ ಶುರುವಾಗಿದ್ದು, ಸ್ಪೇನ್‌ನೋರು ಊರೂರಿಂದ ಸರದಿ ಮೇಲೆ ಜನರನ್ನ ಬಲವಂತವಾಗಿ ಗಣಿಗೆ ಕಳಿಸ್ತಿದ್ರು, ಆ ಬೆಳ್ಳಿ ಯುರೋಪ್ ದಾಟಿ ನಮ್ಮ ಕಡೆ ಮೆಣಸಿಗೆ, ಬಟ್ಟೆಗೆ ಬರ್ತಿತ್ತು. ಈ ಸಲ ಎರಡನೇ ಸಾರಿ ಓದೋ ಅಗತ್ಯನೇ ಬರ್ಲಿಲ್ಲ.

ಪ್ರಶ್ನೆ ಬಂದೇ ಬಂತು. ಬೆಳೆ, ಹೆಸರು, ಬೆಳ್ಳಿ, ಸಿಡುಬು, ಗುಲಾಮರ ವ್ಯಾಪಾರ ಎಲ್ಲ ಬರೆದೆ, ಕೈ ನಿಲ್ಲಲೇ ಇಲ್ಲ, ಆಮೇಲೆ ಮತಸುಧಾರಣೆ ಪ್ರಶ್ನೆಗೆ ಟೈಮ್ ಸಾಲದೆ ಒಂದು ಪುಟಕ್ಕೇ ನಿಲ್ಲಿಸ್ಬೇಕಾಯ್ತು, ಅದರ ಬೇಜಾರಿದೆ.

ಮನೆಗೆ ಬಂದಾಗ ಅಜ್ಜಿ ಮುದ್ದೆ ಕಟ್ತಿದ್ಲು. ಪೇಪರ್ ಹೇಗಿತ್ತು ಅಂತ ಕೇಳ್ಲಿಲ್ಲ. "ಆ ಟಮಾಟದ ಜನರ ವಿಷಯ ಬರೆದ್ಯಾ?" ಅಂದ್ಲು.

"ಬರೆದೆ ಅಜ್ಜಿ" ಅಂದೆ.