ಇಲ್ಲ, ಆಸ್ತಿಗಾಗಿ ಅಲ್ಲ

"ವಂಶಾವಳಿ ಹುಡುಕ್ತಿದ್ದೀಯಂತೆ, ಆಸ್ತಿ ಏನಾದ್ರೂ ಬರುತ್ತಾ?" ಎಲ್ಲರೂ ಕೇಳುವುದು ಇದನ್ನೇ. ಇಲ್ಲ, ಬರುವುದಿಲ್ಲ.

ಹೀಗೆ ಕೇಳಲು ಕಾರಣವೂ ಗೊತ್ತು. ನಮ್ಮಲ್ಲಿ ವಂಶವೃಕ್ಷ ಅಂದರೆ ನಾಡಕಚೇರಿಗೆ ಅರ್ಜಿ ಹಾಕಿ ತರುವ ಕಾಗದ. ಯಜಮಾನರು ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಬೇಕು, ಆಮೇಲೆ ಬೀರು ಸೇರುತ್ತದೆ. ವಿಚಾರಿಸುವವಳು ಮದುವೆಯಾಗಿ ಹೋದ ಮಗಳಾದರಂತೂ ಮುಗಿಯಿತು. ಒಂದು ನಾಮಕರಣದ ಪಂಕ್ತಿಯಲ್ಲಿ ಚಿಕ್ಕಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದರು, "ಏನವ್ವಾ, ಯಾವ ಸರ್ವೆ ನಂಬರ್ ಮೇಲೆ ಕಣ್ಣು?" ಪಾಯಸ ಬಡಿಸುತ್ತಿದ್ದವನೂ ನಿಂತುಬಿಟ್ಟ. ಚಿಕ್ಕಪ್ಪಾ, ಪಾಲು ಬೇಕಿದ್ದರೆ ನೇರವಾಗಿ ಕೇಳುತ್ತೇನೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಬಿಡಿಸಿ ಹೇಳಿದೆ. ಅದಕ್ಕೆ 1876ರ ಧಾತು ಬರ ಕಂಡವರ ಹೆಸರು ಯಾಕೆ ಬೇಕು?

ನನಗೆ ಬೇಕಿರುವುದು ನಮ್ಮ ಮನೆ ಹೆಂಗಸರ ಹೆಸರು. ಊರಿಗೆ ಹೆಳವರು ಬಂದಿದ್ದರು. ಹಿಂದೆ ಎತ್ತಿನ ಮೇಲೆ ಕೂತು ಬಂದು ಮನೆಮನೆಯ ವಂಶ ಹೇಳುತ್ತಿದ್ದವರು ಇವರೇ. ಜಗಲಿ ಮೇಲೆ ದಪ್ಪ ಪುಸ್ತಕ ಬಿಚ್ಚಿ, ಮೂಲಪುರುಷನಿಂದ ಅಪ್ಪನವರೆಗೆ ಗಡಗಡ ಓದಿದರು. ಯಾರು ಯಾವ ಊರು ಬಿಟ್ಟು ಬಂದರು, ಯಾರಿಗೆ ಮಕ್ಕಳಾಗಲಿಲ್ಲ, ಎಲ್ಲಾ ಇತ್ತು. ಸರ್ಕಾರದ ಯಾವ ದಾಖಲೆಯಲ್ಲೂ ನನಗೆ ಅಷ್ಟು ಸಿಕ್ಕಿರಲಿಲ್ಲ. "ಮುತ್ತಜ್ಜಿ ಹೆಸರು?" ಅಂದೆ. "ಗಂಡುಮಕ್ಕಳದ್ದಷ್ಟೇ ಬರ್ಕೊಂಡು ಬಂದೀವಿ ತಾಯಿ" ಅಂದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಹೆಸರು ಸಿಕ್ಕಿದ್ದು ಅಟ್ಟದಲ್ಲಿ. ಆಕೆಯ ತವರಿನಿಂದ ಬಂದ ತಾಮ್ರದ ಹಂಡೆ. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ಓದಲು ಬಂತು: ಆಕೆಯ ಹೆಸರು, ಪಕ್ಕದಲ್ಲಿ ಊರು. ನಮ್ಮ ಮನೆಯಲ್ಲಿ ಯಾರೂ ಕೇಳದ ಹೆಸರು ಅದು. ಮದುವೆಯಲ್ಲಿ ಬದಲಿಸಿದ್ದರು. ಆಗ ಎಷ್ಟೋ ಮನೆಗಳಲ್ಲಿ ಅದೇ ಪದ್ಧತಿ. ಗಂಡನ ಮನೆ ಕಡೆಯಿಂದ ಹುಡುಕಿದ್ದಕ್ಕೇ ಇಷ್ಟು ದಿನ ಆಕೆ ಸಿಕ್ಕಿರಲಿಲ್ಲ. ಈಗ ಹುಡುಕಾಟ ಆ ಊರಿಗೆ ಹೋಗಿದೆ.

ಆಸ್ತಿ ವಿಷಯ ಬಿಡಿ. "ನಮ್ಮ ಅಜ್ಜಿಯ ಅಮ್ಮ ಯಾರು, ಅದನ್ನ ಎಲ್ಲಿಂದ ಶುರು ಮಾಡೋದು?" ಅಂತ ಕೇಳಿ, ಎಷ್ಟು ಹೊತ್ತಾದರೂ ಕೂತು ಹೇಳುತ್ತೇನೆ. ಅಟ್ಟದ ಹಳೇ ಪಾತ್ರೆಗಳನ್ನು ಗುಜರಿಗೆ ಹಾಕುವ ಮುಂಚೆ ಒಂದು ಫೋನ್ ಮಾಡಿ. ನಾನೇ ಬಂದು ಉಜ್ಜಿ ಓದುತ್ತೇನೆ.