ತುಕ್ಕು ಹಿಡಿದ ಮೂರು ಪಿನ್ನು

ಲಂಡನ್ನಿನಲ್ಲಿ ಹಳೇ ಬಟ್ಟೆಗಳ ಒಂದು ಖಾಸಗಿ ಸಂಗ್ರಹ ನೋಡಿಕೊಳ್ಳೋದು ನನ್ನ ಕೆಲಸ. ರೇಷ್ಮೆ, ಜರಿ ಅಂದುಕೊಳ್ಳಬೇಡಿ. 1970ರ ದಶಕದ ಪಂಕ್ ಹುಡುಗರು, ಅಂದರೆ ಅಬ್ಬರದ ಪಂಕ್ ರಾಕ್ ಸಂಗೀತದ ಹುಚ್ಚಿನವರು, ತೊಟ್ಟು, ಕುಣಿದು, ಬೆವರಿ, ಹರಿದುಕೊಂಡ ಅಂಗಿಗಳು. ಕಿಂಗ್ಸ್ ರೋಡಿನ 430ನೇ ನಂಬರಿನಲ್ಲಿ ಫ್ಯಾಷನ್ ಡಿಸೈನರ್ ವಿವಿಯನ್ ವೆಸ್ಟ್‌ವುಡ್ ಮತ್ತು ಅವರ ಜೊತೆಗಾರ ಮಾಲ್ಕಮ್ ಮೆಕ್‌ಲಾರೆನ್ ನಡೆಸುತ್ತಿದ್ದ ಅಂಗಡಿಯ ಮಾಲೂ ಇದೆ. ಆ ಅಂಗಡಿ 1974ರಲ್ಲಿ 'ಸೆಕ್ಸ್', 1976ರ ಕೊನೆಗೆ 'ಸೆಡಿಷನರೀಸ್' ಅಂತ ಹೆಸರು ಬದಲಿಸಿತು. ಲೇಬಲ್ ನೋಡಿ ಕಾಲ ಹೇಳಬಹುದು, ಆದರೆ ಲೇಬಲ್ಲನ್ನೇ ನಕಲು ಮಾಡೋ ಪುಣ್ಯಾತ್ಮರಿದ್ದಾರೆ. ಹಾಗಾಗಿ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡ್ತೀವಿ.

ಅಲ್ಲಿ ಕೊಳ್ಳೋಕೆ ಕಾಸಿಲ್ಲದ ಹುಡುಗರು ಮನೆಯಲ್ಲೇ ಅಂಗಿ ಹರಿದು ಪಿನ್ನು ಚುಚ್ಚಿಕೊಳ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಂಥದೇ ಒಂದು ಹತ್ತಿ ಅಂಗಿ ನನ್ನ ಮೇಜಿಗೆ ಬಂತು. ಏಳು ಪಿನ್ನು. ಮೂರಕ್ಕೆ ತುಕ್ಕು ಹಿಡಿದು ಸುತ್ತ ಕಂದು ಕಲೆ. ತುಕ್ಕು ಹತ್ತಿಯ ನೂಲನ್ನೇ ತಿನ್ನುತ್ತೆ ಅಂತ ಓದಿದ್ದೆ. ಮೂರನ್ನೂ ಬಿಚ್ಚಿ, ಪುಟ್ಟ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿದೆ. ಫೋಟೋ ಮಾತ್ರ ತೆಗೆಯಲಿಲ್ಲ.

ಪ್ರದರ್ಶನಕ್ಕೆ ಮುಂಚೆ ಅಂಗಿ ಕೊಟ್ಟವರೇ ನೋಡೋಕೆ ಬಂದರು. ಅರವತ್ತು ದಾಟಿದವರು, ಕೈಯಲ್ಲಿ ಕೋಲು. ಬಗ್ಗಿ ನೋಡಿ, "ಭುಜದ ಹತ್ತಿರ ಒಂದಿತ್ತಲ್ಲ?" ಅಂದರು. ಚೀಲ ತಂದೆ. ಭುಜದ ಸುತ್ತ ಇಪ್ಪತ್ತಕ್ಕೂ ಹೆಚ್ಚು ತೂತು. ಯಾವ ಪಿನ್ನು ಯಾವುದರಲ್ಲಿತ್ತೋ ನನಗೂ ಗೊತ್ತಿಲ್ಲ, ಅವರಿಗೂ ನೆನಪಿಲ್ಲ. ಅವರ ಹಳೇ ಫೋಟೋದಲ್ಲಿ ಕಂಡಿದ್ದು ಎಡಭಾಗ ಮಾತ್ರ. ಕಲೆಗೆ ಕಲೆ ಹೊಂದಿಸಿ ಎರಡನ್ನು ಕೂರಿಸಿದೆವು. ಮೂರನೆಯದು ಇವತ್ತಿಗೂ ಚೀಲದಲ್ಲೇ ಇದೆ. ದಾಖಲೆಯಲ್ಲಿ "ತೆಗೆದವರು" ಅನ್ನೋದರ ಮುಂದೆ ನನ್ನ ಇನಿಷಿಯಲ್.

ಆಮೇಲೆ ಹಿರಿಯರೊಬ್ಬರು ಹೇಳಿಕೊಟ್ಟರು: ಪಿನ್ನು ಇದ್ದಲ್ಲೇ ಇರಲಿ, ಅದಕ್ಕೂ ಬಟ್ಟೆಗೂ ನಡುವೆ ತೆಳ್ಳನೆ ಪಾಲಿಯೆಸ್ಟರ್ ಹಾಳೆಯ ಚೂರು ತೂರಿಸು. ಬಟ್ಟೆಗೆ ನಾವು ಬಿಡೋ ಬೆಳಕು ಬರೀ 50 ಲಕ್ಸ್ (ಬೆಳಕಿನ ಅಳತೆ). ಆ ಮಬ್ಬಿನಲ್ಲಿ ಹಾಳೆ ಕಾಣೋದೇ ಇಲ್ಲ. ಮೊಹೇರ್ (ಮೇಕೆ ಕೂದಲಿನ ಉಣ್ಣೆ) ಸ್ವೆಟರಿಗೆ ನುಸಿ ಬಿದ್ದರೆ ಮೈನಸ್ 30 ಡಿಗ್ರಿಯ ಫ್ರೀಜರಿನಲ್ಲಿ ಮೂರು ದಿನ. ಪಿವಿಸಿ ಪ್ಯಾಂಟುಗಳದ್ದು ಬೇರೆಯೇ ಗೋಳು: ವರ್ಷ ಕಳೆದಂತೆ ಅಂಟಂಟು ಬೆವರಿ, ಸುತ್ತಿದ ಟಿಶ್ಯೂ ಕಾಗದಕ್ಕೇ ಅಂಟಿಕೊಳ್ಳುತ್ತವೆ. ಅವಕ್ಕೆ ಸಿಲಿಕೋನ್ ಲೇಪದ ಕಾಗದವೇ ಬೇಕು.

ದಾವಣಗೆರೆಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಕಥೆ ಹೇಳಿದೆ. ಅಮ್ಮನ ಬಳೆಯಲ್ಲಿ ಸದಾ ನಾಲ್ಕು ಪಿನ್ನು ನೇತಾಡುತ್ತಿರುತ್ತವೆ.

"ರವಿಕೆ ನೆನೆಹಾಕೋ ಮುಂಚೆ ಪಿನ್ನು ಬಿಚ್ಚಬೇಕು ಅಂತ ನಾನೇ ಹೇಳಿಕೊಟ್ಟಿದ್ದಲ್ವೇನೇ?" ಅಂದರು. "ಅದಕ್ಕೂ ಬೈತಾರಾ ಅಲ್ಲಿ?"