ಅಪ್ಪ ಕಾಲು ಎಣಿಸಿದ ಬೆಟ್ಟ

ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಫೋರ್ಟ್ ವಿಲಿಯಂ ರೈಲು ಹೊರಟು ಊರು ಹಿಂದೆ ಸರಿಯುತ್ತಿದ್ದಂತೆ, ಅಮ್ಮ ಕೈಚೀಲದಿಂದ ಬುತ್ತಿಗಿಂತ ಮೊದಲು ಹೊರತೆಗೆದದ್ದು ಅಪ್ಪನ ನೋಟುಪುಸ್ತಕಗಳನ್ನು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದ, ಅಂಗೈಯಗಲದ ಏಳು ಪುಸ್ತಕಗಳು. 1975ರಿಂದ 1981ರವರೆಗೆ ವರ್ಷಕ್ಕೊಂದರಂತೆ. ಪ್ರತಿ ಪುಟದ ಎಡಗಡೆ ಸವಾರರ ನಂಬರು, ಬಲಗಡೆ ಸೀಸದಕಡ್ಡಿಯಲ್ಲಿ ಬರೆದ ಕನ್ನಡ ಅಂಕಿ: ೦, ೧, ೩, ೫. ಗುಟ್ಟು ಮಾಡುವುದಕ್ಕೆ ಅಪ್ಪ ಕನ್ನಡದಲ್ಲಿ ಬರೆದವನಲ್ಲ. ಅವಸರದಲ್ಲಿ ಅವನ ಕೈ ಓಡುತ್ತಿದ್ದುದೇ ಹಾಗೆ. ಸೀಸದಕಡ್ಡಿಗೆ ಮಾತ್ರ ಕಾರಣವಿತ್ತು. ಆ ಊರಿನ ಮಳೆಗೆ ಇಂಕು ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ.

ನಮ್ಮ ಸಾಗರ ಸೀಮೆಯವನಾದ ಅಪ್ಪ 1974ರಲ್ಲಿ ವೈದ್ಯನಾಗಿ ಸ್ಕಾಟ್ಲೆಂಡಿನ ಪಶ್ಚಿಮ ಹೈಲ್ಯಾಂಡ್ಸಿಗೆ ಬಂದು ಏಳೆಂಟು ವರ್ಷ ಇದ್ದ. ಅಲ್ಲಿ ಅವನನ್ನು ಸೆಳೆದದ್ದು ಪ್ರತಿವರ್ಷ ಮೇ ತಿಂಗಳ ಮೊದಲ ವಾರದಲ್ಲಿ ನಡೆಯುವ 'ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್' ಎಂಬ ಮೋಟಾರ್ ಸೈಕಲ್ ಸ್ಪರ್ಧೆ. ಅವನು ಅದರಲ್ಲಿ ಒಮ್ಮೆಯೂ ಬೈಕ್ ಓಡಿಸಲಿಲ್ಲ. ಆರು ದಿನ ರಜೆ ಹಾಕಿ ಬೆಟ್ಟದ ಮೇಲೆ ಕುಳಿತು, ಬೇರೆಯವರು ನೆಲಕ್ಕೆ ಎಷ್ಟು ಸಲ ಕಾಲು ಕೊಟ್ಟರು ಎಂದು ಎಣಿಸುವ ಅಬ್ಸರ್ವರ್ ಆಗಿದ್ದ. ಸಂಬಳವಿಲ್ಲದ ಕೆಲಸ. "ಮದುವೆಯ ದಿನ ನೆನಪಿರುತ್ತಿರಲಿಲ್ಲ, ಟ್ರಯಲ್ಸಿನ ದಿನ ಮಾತ್ರ ಜನವರಿಯಲ್ಲೇ ಗುರುತು ಹಾಕಿಟ್ಟಿರುತ್ತಿದ್ದ" ಎಂದು ಅಮ್ಮ ಈಗಲೂ ಹೇಳುತ್ತಾಳೆ. ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಆ ಊರನ್ನು ಇನ್ನೊಮ್ಮೆ ನೋಡಬೇಕು ಎಂದವಳೂ ಅವಳೇ.

ರೈಲು ರಾನೋಕ್ ಮೂರ್ ಎಂಬ ಬಯಲನ್ನು ದಾಟುವಾಗ ಎರಡೂ ಬದಿಗೆ ಕಪ್ಪು ನೀರಿನ ಹೊಂಡಗಳು, ಕಂದು ಹುಲ್ಲು, ಮನೆಯೆಂಬುದೇ ಇಲ್ಲದ ಜೌಗು. 1894ರಲ್ಲಿ ತೆರೆದ ಈ ಮಾರ್ಗವನ್ನು ಇಲ್ಲಿ ಹಾಸುವಾಗ ಗಟ್ಟಿನೆಲ ಸಿಗದೆ, ಪೊದೆಗಳ ಕಟ್ಟು, ಬೇರು, ಮಣ್ಣು, ಬೂದಿಗಳನ್ನು ಸುರಿದು ಹಳಿಗಳನ್ನು ಒಂದು ಬಗೆಯಲ್ಲಿ ತೇಲಿಸಿದ್ದಾರೆ. ಅಮ್ಮನಿಗೆ ಈ ಬಯಲಿನ ಮೇಲೆ ಒಂದು ದೂರಿದೆ. ಅಪ್ಪ ಊರಿನಿಂದ ತಂದಿದ್ದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಇಂಥ ಜಾಗಗಳಲ್ಲಿ ದಿನವಿಡೀ ಕುಳಿತು ಬರುತ್ತಿದ್ದ. ಒದ್ದೆ ಕಂಬಳಿ ಒಣಗುವುದಕ್ಕೆ ಒಂದು ವಾರ ಹಿಡಿಯುತ್ತಿತ್ತು, ಮನೆಯೆಲ್ಲ ಕುರಿದೊಡ್ಡಿಯ ವಾಸನೆ. ಕುರಿಗಳ ನಾಡಿನವರಾದ ಅಲ್ಲಿನ ಜನ ಮಾತ್ರ ಆ ಕೊಪ್ಪೆಯನ್ನು ನೋಡಿ ನಗದೆ, ಉಣ್ಣೆಯನ್ನು ಮುಟ್ಟಿ ನೋಡಿ ತಲೆದೂಗುತ್ತಿದ್ದರಂತೆ.

ಫೋರ್ಟ್ ವಿಲಿಯಂ ಊರಿನ ಪಶ್ಚಿಮ ತುದಿಯ ಕಾರ್ ಪಾರ್ಕಿನಲ್ಲಿ, ಲಿನ್ನಿ ಎಂಬ ಸಮುದ್ರದ ಹಿನ್ನೀರಿನ ಪಕ್ಕ, ಸುಮಾರು 270 ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಬೇಲಿ ಹಾಕಿದ್ದರು. ಎಡಿನ್‌ಬರೊದ ಒಂದು ಮೋಟಾರ್ ಕ್ಲಬ್ ನಡೆಸುವ ಈ ಟ್ರಯಲ್ 1909ರಲ್ಲಿ ಐದು ದಿನಗಳ ಪರೀಕ್ಷೆಯಾಗಿ ಶುರುವಾಗಿ, 1911ರಲ್ಲಿ ಆರು ದಿನಗಳದ್ದಾಯಿತು. ಹಿಂದೆ ಸವಾರರು ಎಡಿನ್‌ಬರೊದಿಂದಲೇ ಹೊರಟು ಇಲ್ಲಿಗೆ ಬರುತ್ತಿದ್ದರು. ಈಗ ಎಲ್ಲವೂ ಇಲ್ಲಿಂದಲೇ. ನಮ್ಮವರು ಮೋಟಾರ್ ಸೈಕಲ್ ಸ್ಪರ್ಧೆ ಎಂದೊಡನೆ ವೇಗವನ್ನು ನೆನೆಯುತ್ತಾರೆ. ಇಲ್ಲಿ ಸೀಟೇ ಇಲ್ಲದ, ಎಪ್ಪತ್ತು ಕಿಲೋ ಆಸುಪಾಸಿನ ಬೈಕಿನ ಫುಟ್‌ರೆಸ್ಟಿನ ಮೇಲೆ ನಿಂತುಕೊಂಡೇ, ಗಾಳಿ ಇಳಿಸಿ ಮೆತ್ತಗೆ ಮಾಡಿದ ಟೈರಿನಲ್ಲಿ, ನಡೆಯುವುದಕ್ಕೂ ಕಷ್ಟವಾದ ಬಂಡೆಯ ಹಳ್ಳಗಳನ್ನು ಹತ್ತಬೇಕು. ಹಾಗೆ ಗುರುತಿಸಿದ ತುಂಡುದಾರಿಗೆ ಸೆಕ್ಷನ್ ಎನ್ನುತ್ತಾರೆ. ದಿನಕ್ಕೆ ಸುಮಾರು 30 ಸೆಕ್ಷನ್‌ಗಳು, ಅವುಗಳ ನಡುವೆ ರಸ್ತೆ, ಬೆಟ್ಟ, ಜೌಗು. ಸೆಕ್ಷನ್ನಿನೊಳಗೆ ಒಂದು ಸಲ ಕಾಲೂರಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚು ಎಷ್ಟು ಸಲವಾದರೂ 3. ಬೈಕ್ ನಿಂತರೆ, ಬಿದ್ದರೆ, ಗುರುತು ದಾಟಿ ಹೊರಹೋದರೆ 5. ಕಾಲೂರದೆ ದಾಟಿದರೆ ಸೊನ್ನೆ, ಅದಕ್ಕೆ ಕ್ಲೀನ್ ಎಂದು ಹೆಸರು. ಆರು ದಿನಗಳ ಕೊನೆಗೆ ಯಾರ ಅಂಕ ಕಡಿಮೆಯೋ ಅವರು ಗೆದ್ದಂತೆ. ಪರೀಕ್ಷೆಯಲ್ಲಿ ಸೊನ್ನೆ ತಂದರೂ ಅಪ್ಪ ಬೈಯುವುದಿಲ್ಲವೆಂದು ಚಿಕ್ಕಂದಿನಲ್ಲಿ ನಾನು ನಂಬಿದ್ದಕ್ಕೆ ಇದೇ ಮೂಲ. ಆ ನಂಬಿಕೆ ಬಹಳ ದಿನ ಉಳಿಯಲಿಲ್ಲ.

ಅಪ್ಪ ಈ ಗೀಳಿಗೆ ಬಿದ್ದದ್ದು ಬುಲೆಟ್ಟಿನ ಮೂಲಕ. ಊರಿನಲ್ಲಿ ಅವನು ಓಡಿಸುತ್ತಿದ್ದುದು ಮದರಾಸಿನಲ್ಲಿ ತಯಾರಾದ 350 ಸಿಸಿ ಬುಲೆಟ್. ಅದನ್ನು ಪೊಲೀಸರ, ಮಿಲಿಟರಿಯವರ, ಅಡಿಕೆ ಸಾಹುಕಾರರ ಗಾಡಿ ಎಂದಷ್ಟೇ ತಿಳಿದಿದ್ದ ಅವನಿಗೆ, ಇಲ್ಲಿ ಚಹಾ ಕುಡಿಯುತ್ತ ಯಾರೋ, ಜಾನಿ ಬ್ರಿಟನ್ ಎಂಬ ಹುಡುಗ 1952ರಲ್ಲಿಯೂ 1957ರಲ್ಲಿಯೂ ರಾಯಲ್ ಎನ್‌ಫೀಲ್ಡ್ ಹತ್ತಿಯೇ ಈ ಟ್ರಯಲ್ ಗೆದ್ದ ಕಥೆ ಹೇಳಿದರಂತೆ. ಹಿಂಬದಿ ಚಕ್ರಕ್ಕೂ ಸ್ಪ್ರಿಂಗ್ ಕೊಟ್ಟ ಬುಲೆಟ್ಟಿನ ಚೌಕಟ್ಟು 1948ರಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದದ್ದೇ ಟ್ರಯಲ್ಸ್ ಸ್ಪರ್ಧೆಯಲ್ಲಿ. ಮದರಾಸಿನಲ್ಲಿ ಬುಲೆಟ್ ತಯಾರಿಕೆ ಶುರುವಾದದ್ದು 1955ರಲ್ಲಿ, ಎಂದರೆ ಜಾನಿಯ ಎರಡು ಗೆಲುವುಗಳ ನಡುವೆ. ಆಗುಂಬೆ ಘಾಟಿಯಲ್ಲಿ ಉಬ್ಬಸಪಡುತ್ತಿದ್ದ ತನ್ನ ಗಾಡಿಯ ದಾಯಾದಿ ಈ ಬಂಡೆಗಳನ್ನು ಹತ್ತಿತ್ತೆಂಬ ಸುದ್ದಿಯನ್ನು ನಂಬಲಾಗದೆ, ಅಪ್ಪ ನೋಡಿಯೇ ಬಿಡೋಣವೆಂದು ಬೆಟ್ಟಕ್ಕೆ ಹೋದ. ಮರುವರ್ಷ ಅವನ ಕೈಯಲ್ಲಿ ಸೀಸದಕಡ್ಡಿ ಇತ್ತು.

ಮೂರನೆಯ ದಿನ ಬಸ್ಸಿನಲ್ಲಿ ಕಿನ್‌ಲೋಕ್‌ಲೆವೆನ್ ಎಂಬ ಹಳ್ಳಿಗೆ ಹೋದೆವು. ಮೂರು ಕಡೆ ಬೆಟ್ಟ, ಒಂದು ಕಡೆ ಹಿನ್ನೀರು. 1909ರಲ್ಲಿ ಬ್ಲ್ಯಾಕ್‌ವಾಟರ್ ಎಂಬ ಅಣೆಕಟ್ಟು ಮುಗಿದು, ಅದರ ನೀರಿನಿಂದ ಹುಟ್ಟಿದ ವಿದ್ಯುತ್ತು ಇಲ್ಲಿನ ಅಲ್ಯೂಮಿನಿಯಂ ಕಾರ್ಖಾನೆಯನ್ನು ನಡೆಸಿತು. ಕಾರ್ಖಾನೆ 2000ದಲ್ಲಿ ಮುಚ್ಚಿದರೂ ಬೆಟ್ಟದಿಂದ ಇಳಿಯುವ ಕೊಳವೆಗಳ ಸಾಲು ಹಾಗೆಯೇ ಇದೆ. ಆ ಕೊಳವೆಗಳ ಪಕ್ಕದಲ್ಲೇ ಮೇಲಕ್ಕೆ ಏರುವ ಪ್ರಸಿದ್ಧ ಸೆಕ್ಷನ್ನಿನ ಹೆಸರು 'ಪೈಪ್‌ಲೈನ್'. ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದ ಜಾಗವದು, ಏಕೆಂದರೆ ಅವನ ಬಾಲ್ಯ ಕಳೆದದ್ದು ಜೋಗದ ವಿದ್ಯುದಾಗಾರದ ಆಸುಪಾಸಿನಲ್ಲಿ. ಬೆಟ್ಟದ ಮೈಮೇಲೆ ಇಳಿಬಿದ್ದ ಕಬ್ಬಿಣದ ಕೊಳವೆಗೆ ಕಿವಿಯಿಟ್ಟು ಒಳಗಿನ ನೀರಿನ ಸದ್ದು ಕೇಳುವ ಆಟವನ್ನು ಅವನು ಅಲ್ಲಿ ಕಲಿತಿದ್ದ, ಇಲ್ಲಿ ನನಗೆ ಕಲಿಸಿದ್ದ. ಮೊಣಕಾಲು ನೋವಿನ ಅಮ್ಮ ಕೆಳಗೆ ಚಹಾದಂಗಡಿಯಲ್ಲಿ ಉಳಿದಳು, ನಾನೊಬ್ಬನೇ ಹತ್ತಿದೆ.

ಸೆಕ್ಷನ್ನಿನ ಪಕ್ಕ ಕುಳಿತರೆ ಮೊದಲು ಕೇಳಿಸುವುದು ಎಂಜಿನ್ನಿನ ಆರ್ಭಟವಲ್ಲ, ಕಲ್ಲು ಉರುಳುವ ಸದ್ದು. ಕೆಳಗಿನಿಂದ ಸವಾರನೊಬ್ಬ ಒಂದೇ ಬೆರಳನ್ನು ಕ್ಲಚ್ಚಿನ ಮೇಲಿಟ್ಟು, ಮೈಯನ್ನು ಹ್ಯಾಂಡಲಿನ ಮುಂದಕ್ಕೆ ಬಗ್ಗಿಸಿ ಬಂದ. ಮುಂದಿನ ಚಕ್ರ ಮಂಚದಷ್ಟು ಎತ್ತರದ ಬಂಡೆಯ ಅಂಚನ್ನು ಮುಟ್ಟುವ ಹೊತ್ತಿಗೆ ಎಂಜಿನ್ ಒಮ್ಮೆ ಕೆಮ್ಮಿದಂತಾಗಿ ಬೈಕ್ ಮೇಲೆ ಚಿಮ್ಮಿತು. ಹಿಂದಿನ ಚಕ್ರ ಪಾಚಿಯ ಮೇಲೆ ಒಂದು ಗೇಣು ಎಡಕ್ಕೆ ಜಾರಿತು. ಎಡಗಾಲಿನ ಬೂಟಿನ ಹಿಮ್ಮಡಿ ಫುಟ್‌ರೆಸ್ಟಿನಿಂದ ಕದಲಿ, ಕಲ್ಲಿನ ಹತ್ತಿರ ಹೋಗಿ, ಮತ್ತೆ ಸ್ವಸ್ಥಾನಕ್ಕೆ ಬಂತು. ತಾಗಿತೋ ಇಲ್ಲವೋ? ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು. ಅಬ್ಸರ್ವರ್ ಹೆಂಗಸು ಒಂದು ಬೆರಳು ಎತ್ತಿದಳು. ನಾನಾಗಿದ್ದರೆ ಮುಷ್ಟಿ ತೋರಿಸಿ ಕ್ಲೀನ್ ಎನ್ನುತ್ತಿದ್ದೆ.

ಅಪ್ಪನಿಗೆ ಪ್ರಿಯವಾದ ಕಥೆ 1961ರದ್ದು. ಆ ವರ್ಷ ಎಜೆಎಸ್ ಬೈಕಿನಲ್ಲಿ ಗೆದ್ದ ಗಾರ್ಡನ್ ಜ್ಯಾಕ್ಸನ್ ಆರೂ ದಿನ ಸೇರಿ ಕಳೆದುಕೊಂಡದ್ದು ಒಂದೇ ಒಂದು ಅಂಕ, ಎಂದರೆ ಅಷ್ಟೂ ಸೆಕ್ಷನ್‌ಗಳಲ್ಲಿ ಒಂದೇ ಒಂದು ಕಾಲು. ಕೇಳಿದವರೆಲ್ಲ ಜ್ಯಾಕ್ಸನ್ನನ ಕೈಚಳಕವನ್ನು ಹೊಗಳಿದರೆ, ಅಪ್ಪ ಆ ಒಂದು ಕಾಲನ್ನು ಕಂಡು ಬರೆದುಕೊಂಡ ಅಬ್ಸರ್ವರನ ಬಗ್ಗೆ ಯೋಚಿಸುತ್ತಿದ್ದ. "ಬೇರೆ ಎಲ್ಲೂ ತಪ್ಪದವನಿಗೆ ಒಂದು ಹಾಕುವುದಕ್ಕೆ ಕೈ ಹೇಗೆ ಬಂತೋ" ಎಂದು ನಮ್ಮ ಜಗುಲಿಯಲ್ಲಿ ಕುಳಿತು, ಅಡಿಕೆ ಸುಲಿಯುವವರಿಗೂ ಹೇಳುತ್ತಿದ್ದ. ಅವರು ಏನು ತಿಳಿದುಕೊಂಡರೋ ಕಾಣೆ.

ಅಪ್ಪನದೇ ಒಂದು ಕಥೆ ಮನೆಯಲ್ಲಿತ್ತು. 1979ರಲ್ಲಿ ಹೆಸರುವಾಸಿಯಾದ ಸವಾರನೊಬ್ಬನಿಗೆ ಇದೇ ಪೈಪ್‌ಲೈನಿನಲ್ಲಿ ಅವನು ಒಂದು ಅಂಕ ಹಾಕಿದ್ದ. ಆ ಸವಾರ ಬೈಕನ್ನು ಮೇಲೆ ನಿಲ್ಲಿಸಿ ಕೆಳಗಿಳಿದು ಬಂದು, ಕಾಲು ತಾಗಲೇ ಇಲ್ಲವೆಂದು, ಬೇರೆ ನಾಡಿನಿಂದ ಬಂದವರಿಗೆ ಇದೆಲ್ಲ ತಿಳಿಯುವುದಿಲ್ಲವೆಂದು ಕೂಗಾಡಿದ್ದ. ಅಪ್ಪ ಕಂಬಳಿಯೊಳಗಿಂದ ಅಲುಗಾಡದೆ "ತಾಗಿತು" ಎಂದಷ್ಟೇ ಹೇಳಿದನಂತೆ. ನಾನು ಈ ಕಥೆಯನ್ನು ಅಪ್ಪನ ಗಟ್ಟಿತನದ ಕಥೆಯೆಂದೇ ಕೇಳುತ್ತ ಬೆಳೆದೆ. ಅವತ್ತು ಕೊಳವೆಯ ಪಕ್ಕ ಕುಳಿತು 1979ರ ಪುಸ್ತಕವನ್ನು ತೆರೆದಾಗ ಆ ಸಾಲು ಬೇರೆಯಾಗಿ ಕಂಡಿತು. ಆ ಸವಾರನ ನಂಬರಿನ ಎದುರು ಮೊದಲು ೦ ಎಂದಿತ್ತು. ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ೧ ಎಂದು ಒತ್ತಿ ಬರೆದಿತ್ತು. ಕೆಳಗಿನ ಸಾಲಿನಲ್ಲಿ, ಅವನ ಹಿಂದೆಯೇ ಬಂದ ಮತ್ತೊಬ್ಬ ಸವಾರನ ನಂಬರಿನ ಎದುರು, ಯಾವ ತಿದ್ದುಪಡಿಯೂ ಇಲ್ಲದ ಒಂದು ೧. ಏಳು ಪುಸ್ತಕಗಳಲ್ಲಿ ತಿದ್ದಿದ ಅಂಕಿ ಅದೊಂದೇ. ಹೆಸರಿದ್ದವನಿಗೆ ಸೊನ್ನೆ ಬರೆದ ಕೈ, ಹೆಸರಿಲ್ಲದವನ ಅಂಥದೇ ಕಾಲಿಗೆ ಒಂದು ಬರೆದು, ಮತ್ತೆ ಮೇಲಿನ ಸಾಲಿಗೆ ಹಿಂದಿರುಗಿರಬೇಕೆಂದು ನನಗೆ ತೋರುತ್ತದೆ.

ಅಪ್ಪ ಊರಿಗೆ ಮರಳುವ ತರಾತುರಿಯಲ್ಲಿದ್ದ 1981ರ ಪುಸ್ತಕದಲ್ಲಿ ಕೊನೆಯ ಕೆಲವು ಹಾಳೆಗಳು ಖಾಲಿಯಿದ್ದವು. ಅದರಲ್ಲೊಂದರಲ್ಲಿ, ಅಬ್ಸರ್ವರ್ ಹೆಂಗಸಿನ ಬೆರಳನ್ನು ನೋಡುವ ಮೊದಲೇ, ಹನ್ನೊಂದು ಸವಾರರ ಅಂಕ ಬರೆದೆ. ಆಮೇಲೆ ಮಳೆ ಜೋರಾಯಿತು, ಇಳಿದೆ.

ವಾಪಸು ಬಸ್ಸಿನಲ್ಲಿ ಅಮ್ಮನಿಗೆ ಗೀಟು ಎಳೆದ ಸಾಲನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು. "ಅವತ್ತು ರಾತ್ರಿ ಊಟ ಬೇಡ ಅಂದಿದ್ದ. ಬೈಸಿಕೊಂಡ ಬೇಜಾರು ಅಂದುಕೊಂಡಿದ್ದೆ" ಎಂದಳು. ಸ್ವಲ್ಪ ಹೊತ್ತು ಹೊರಗಿನ ಹಿನ್ನೀರನ್ನು ನೋಡುತ್ತ ಕುಳಿತು, ಬಳಿಕ ನಾನು ಬರೆದ ಹಾಳೆಯತ್ತ ಕೈಮಾಡಿದಳು. "ನಿನ್ನದು ಎಷ್ಟು ತಪ್ಪಿತೋ?"

"ಹನ್ನೊಂದರಲ್ಲಿ ಮೂರು."

"ನಿಮ್ಮಪ್ಪ ಮೊದಲನೇ ವರ್ಷ ಎಷ್ಟು ತಪ್ಪಿದ್ದ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ ನೋಡು" ಎಂದು ಅಮ್ಮ ಏಳೂ ಪುಸ್ತಕಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದಳು.